ಬದಲಿ ಇಲ್ಲದೆ ಆಡಿದ ಅಯೋವಾ ಹುಡುಗ: 24ಕ್ಕೇ ಸಮುದ್ರ ಪಾಲಾದ ನೈಲ್ ಕಿನ್ನಿಕ್

ಅಮೆರಿಕದವರು ಫುಟ್‌ಬಾಲ್ ಅನ್ನೋದು ನಮ್ಮ ಹೈಸ್ಕೂಲ್ ಮೈದಾನದ ಆಟವನ್ನಲ್ಲ. ಅಲ್ಲಿ ಚೆಂಡು ಸುಲಿದ ತೆಂಗಿನಕಾಯಿ ಥರ ಉದ್ದ. ಅದನ್ನ ಕೈಯಲ್ಲಿ ಹಿಡ್ಕೊಂಡು ಓಡಬೇಕು, ಎದುರಿನವರು ಮೈಮೇಲೆ ಬಿದ್ದು ಕೆಡವುತ್ತಾರೆ. ಕೊನೆಯ ಗೆರೆ ದಾಟಿದ್ರೆ 6 ಅಂಕ. ಕಬಡ್ಡಿ ಆಡಿದವರಿಗೆ ಇದರ ಪೆಟ್ಟು ಏನು ಅಂತ ಬೇಗ ಗೊತ್ತಾಗುತ್ತೆ. ಈ ಆಟದಲ್ಲಿ 1939ರಲ್ಲಿ ಇಡೀ ಅಮೆರಿಕ ಮಾತಾಡಿದ್ದು ಒಬ್ಬ ಕಾಲೇಜು ಹುಡುಗನ ಬಗ್ಗೆ. ಹೆಸರು ನೈಲ್ ಕಿನ್ನಿಕ್.

ಹುಟ್ಟಿದ್ದು 1918ರ ಜುಲೈ 9ರಂದು, ಅಯೋವಾ ರಾಜ್ಯದ ಅಡೆಲ್ ಅನ್ನೋ ಸಣ್ಣ ಊರಲ್ಲಿ. ಮೆಕ್ಕೆಜೋಳ ಬೆಳೆಯೋ ಸೀಮೆ ಅದು. ತಾಯಿಯ ತಂದೆ ಜಾರ್ಜ್ ಕ್ಲಾರ್ಕ್ ಆ ರಾಜ್ಯಕ್ಕೇ ಗವರ್ನರ್ ಆಗಿದ್ದವರು. ಆದ್ರೂ 1930ರ ದಶಕದಲ್ಲಿ ಬೆಳೆಗೆ ರೇಟು ಬಿದ್ದು ರೈತರೆಲ್ಲ ನೆಲ ಕಚ್ಚಿದಾಗ ಈ ಮನೆಯೂ ಉಳಿಯಲಿಲ್ಲ. ಬೇಸಾಯ ಬಿಟ್ಟು ಪಕ್ಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ಪಟ್ಟಣ ಸೇರಿದರು. ನೈಲ್ ಹೈಸ್ಕೂಲ್ ಮುಗಿಸಿದ್ದು ಅಲ್ಲೇ. ಕಾಲೇಜಿಗೆ ಮಾತ್ರ ವಾಪಸ್ ಅಯೋವಾಕ್ಕೇ ಬಂದ.

ಆಗ ಅಯೋವಾ ವಿಶ್ವವಿದ್ಯಾಲಯದ ತಂಡದ ಸ್ಥಿತಿ ಹೇಳೋ ಹಾಗಿರಲಿಲ್ಲ. 1937ರಲ್ಲಿ ಗೆದ್ದಿದ್ದು ಒಂದೇ ಪಂದ್ಯ, 1938ರಲ್ಲೂ ಒಂದೇ. 1939ಕ್ಕೆ ಎಡ್ಡಿ ಆಂಡರ್ಸನ್ ಅನ್ನೋ ಹೊಸ ಕೋಚ್ ಬಂದರು. ಅವರು ಡಾಕ್ಟರೂ ಹೌದು. ಆಟಗಾರರು ಕಮ್ಮಿ. ಹಾಗಾಗಿ ಗಟ್ಟಿ ಇದ್ದ ಹುಡುಗರು 60 ನಿಮಿಷವೂ ಮೈದಾನದಲ್ಲೇ ಇರಬೇಕಾಗ್ತಿತ್ತು. ದಾಳಿ ಮಾಡೋರೂ ಅವರೇ, ತಡೆಯೋರೂ ಅವರೇ. ಜನ ಅವರಿಗೆ ಉಕ್ಕಿನ ಮನುಷ್ಯರು ಅಂತ ಹೆಸರಿಟ್ಟರು.

ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪೋಲೆಂಡ್ ಮೇಲೆ ಬಿದ್ದಿದ್ದ. ಅದೇ ತಿಂಗಳ ಕೊನೆಗೆ ಇವರ ಪಂದ್ಯಗಳು ಶುರು. ಸೌತ್ ಡಕೋಟಾ ಮೇಲೆ 41-0, ಇಂಡಿಯಾನಾ ಮೇಲೆ 32-29. ಮಿಷಿಗನ್ ಎದುರು ಸೋಲು. ಪರ್ಡ್ಯೂ ತಂಡವನ್ನ ಸೋಲಿಸಿದ್ದು 4-0ರಲ್ಲಿ, ಈ ಆಟದಲ್ಲಿ ಅಂಥ ಲೆಕ್ಕ ಬರೋದೇ ಅಪರೂಪ.

ನವೆಂಬರ್ 11ರಂದು ಎದುರಿಗೆ ನೋಟರ್ ಡೇಮ್. ಆ ವರ್ಷ ಸೋಲೇ ಕಾಣದ ತಂಡ ಅದು. ಅಯೋವಾದ 6 ಅಂಕ ತಂದಿದ್ದು ನೈಲ್, ಅದರ ಮೇಲಿನ 1 ಅಂಕವನ್ನು ಒದ್ದು ಗಳಿಸಿದ್ದೂ ನೈಲ್. ಆಮೇಲೆ ಎದುರಾಳಿಗಳನ್ನ ದೂರ ಇಡೋಕೆ 16 ಸಲ ಚೆಂಡನ್ನ ಆಚೆ ಕೊನೆಗೆ ಒದ್ದ. ಪಂದ್ಯ 7-6. ಆ ಒಂದು ಅಂಕದಲ್ಲೇ ಗೆಲುವು. ಮುಂದಿನ ವಾರ ಮಿನ್ನೆಸೋಟಾ ಎದುರು ಕೊನೆಯ ಕಾಲು ಭಾಗದವರೆಗೂ 9-0ರಿಂದ ಹಿಂದೆ ಇದ್ದರು. ನೈಲ್ ಎರಡು ಸಲ ಎಸೆದ ಚೆಂಡನ್ನ ಜೊತೆಗಾರರು ಹಿಡಿದು ಗೆರೆ ದಾಟಿದರು, 13-9. ಕೊನೆಯ ಪಂದ್ಯದಲ್ಲಿ ನೈಲ್‌ಗೆ ಭುಜದ ಪೆಟ್ಟಾಗಿ ಹೊರಗೆ ಬಂದ. ಅಲ್ಲಿಗೆ ಒಂದು ನಿಮಿಷವೂ ಬಿಡದೆ ಆಡಿದ್ದು 402 ನಿಮಿಷ. ತಂಡದ 130 ಅಂಕಗಳಲ್ಲಿ 107ರಲ್ಲಿ ಇವನ ಕೈ ಇತ್ತು.

ಇಷ್ಟೆಲ್ಲಾ ಮಾಡಿದವನ ಎತ್ತರ 5 ಅಡಿ 8 ಇಂಚು ಅಷ್ಟೇ. ಓದಿನಲ್ಲೂ ಮುಂದು.

ಕಾಲೇಜು ಆಟಗಾರರಿಗೆ ಕೊಡೋ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ ಆ ವರ್ಷ ಅವನಿಗೇ ಬಂತು. ನ್ಯೂಯಾರ್ಕ್‌ನಲ್ಲಿ ಅದನ್ನ ತಗೊಳ್ಳುವಾಗ, ಯುರೋಪಿನ ರಣರಂಗದಲ್ಲಲ್ಲದೆ ಅಮೆರಿಕದ ಆಟದ ಮೈದಾನದಲ್ಲಿ ಇರೋ ಭಾಗ್ಯಕ್ಕೆ ದೇವರಿಗೆ ಕೃತಜ್ಞತೆ ಹೇಳಿದ. ಆ ಭಾಗ್ಯ ಬಹಳ ದಿನ ಉಳಿಯಲಿಲ್ಲ.

ಬ್ರೂಕ್ಲಿನ್‌ನ ವೃತ್ತಿಪರ ತಂಡ ಕರೆದಿತ್ತು, ದುಡ್ಡೂ ಇತ್ತು. ಬೇಡ ಅಂದು ಲಾ ಕಾಲೇಜು ಸೇರಿದ. ಒಂದು ವರ್ಷ ಓದಿದ ಮೇಲೆ ಅದನ್ನೂ ಬಿಟ್ಟು ನೌಕಾಪಡೆಯ ವಿಮಾನ ವಿಭಾಗಕ್ಕೆ ಹೆಸರು ಕೊಟ್ಟ. ಕೆಲಸಕ್ಕೆ ಹಾಜರಾಗಿದ್ದು 1941ರ ಡಿಸೆಂಬರ್ 4ರಂದು. ಮೂರೇ ದಿನಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿತು.

1943ರ ಜೂನ್ 2. ವೆನೆಜುವೆಲಾ ಹತ್ತಿರದ ಪಾರಿಯಾ ಕೊಲ್ಲಿಯಲ್ಲಿ ಲೆಕ್ಸಿಂಗ್ಟನ್ ಅನ್ನೋ ಹೊಸ ವಿಮಾನವಾಹಕ ಹಡಗಿನಿಂದ ತರಬೇತಿ ಹಾರಾಟ. ನೈಲ್ ಇದ್ದ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ಆಯಿಲ್ ಸೋರೋಕೆ ಶುರುವಾಯ್ತು. ಹಡಗಿನ ಮೇಲೆ ಹಾರೋಕೆ ರೆಡಿಯಾದ ಬೇರೆ ವಿಮಾನಗಳು ತುಂಬಿದ್ದವು, ಇಳಿಯೋಕೆ ಜಾಗ ಇಲ್ಲ. ಸುಮಾರು 4 ಮೈಲಿ ದೂರದಲ್ಲಿ ನೀರಿನ ಮೇಲೇ ಇಳಿಸಿದ. 8 ನಿಮಿಷದಲ್ಲಿ ದೋಣಿ ಅಲ್ಲಿಗೆ ಹೋಯ್ತು. ಸಿಕ್ಕಿದ್ದು ನೀರಿನ ಮೇಲೆ ಹರಡಿದ್ದ ಎಣ್ಣೆ ಮಾತ್ರ, ಹೆಣವೂ ಸಿಗಲಿಲ್ಲ. ಶತ್ರುವಿನ ಒಂದು ಗುಂಡೂ ಅವನ ಕಡೆ ಬಂದಿರಲಿಲ್ಲ.

ಮುಂದಿನ ವರ್ಷ ತಮ್ಮ ಬೆನ್ ಕೂಡ ಪೆಸಿಫಿಕ್ ಕಡೆ ವಿಮಾನ ಹಾರಿಸುತ್ತಲೇ ಸತ್ತ. ಅಪ್ಪ ಅಮ್ಮ ಎರಡು ವರ್ಷದೊಳಗೆ ಇಬ್ಬರನ್ನ ಕಳ್ಕೊಂಡರು.

ಅಯೋವಾ ಸ್ಟೇಡಿಯಂಗೆ ನೈಲ್ ಹೆಸರಿಡೋಣ ಅಂತ ಜನ ಕೇಳಿದಾಗ ತಂದೆಯೇ ಬೇಡ ಅಂದಿದ್ದರು. ಯುದ್ಧಕ್ಕೆ ಹೋಗಿ ವಾಪಸ್ ಬಾರದ ಹುಡುಗರು ಎಷ್ಟೋ ಜನ, ಅದರಲ್ಲಿ ತನ್ನ ಮಗ ಒಬ್ಬನನ್ನೇ ಯಾಕೆ ಎತ್ತಿ ತೋರಿಸಬೇಕು ಅನ್ನೋದು ಅವರ ಮಾತು. ಕೊನೆಗೆ 1972ರಲ್ಲಿ ಹೆಸರು ಬಂತು. ಇವತ್ತು ಅಯೋವಾ ಇರೋ ಬಿಗ್ ಟೆನ್ ಲೀಗ್‌ನ ಪಂದ್ಯಗಳಲ್ಲಿ ಟಾಸ್ ಹಾಕೋ ನಾಣ್ಯದ ಮೇಲೂ ಅವನ ಮುಖ ಇದೆ.