22 = 22?

ಟ್ಯಾರೋ ಕಾರ್ಡಲ್ಲಿ ಭವಿಷ್ಯ ಹೇಳೋ ರೀಲ್ಸ್ ನಾವೆಲ್ಲ ನೋಡಿರ್ತೀವಿ. ಆ ಕಾರ್ಡುಗಳಿಗೆ ಯಹೂದಿಗಳ ಅನುಭಾವ ಪರಂಪರೆಯಾದ ಕಬಾಲಾದ ನಂಟನ್ನು ಗಟ್ಟಿ ಮಾಡಿದವರು ಎಲಿಫಾಸ್ ಲೆವಿ.

1810ರಲ್ಲಿ ಪ್ಯಾರಿಸ್‌ನಲ್ಲಿ, ಬೂಟು ಹೊಲಿಯುವವರ ಮನೆಯಲ್ಲಿ ಹುಟ್ಟಿದರು. ಪಾದ್ರಿಯಾಗಲು ಓದಿ, ದೀಕ್ಷೆಗೆ ಮುಂಚೆಯೇ ಬಿಟ್ಟು ಬಂದರು. ಬರೆದ ಪುಸ್ತಕಕ್ಕಾಗಿ 1841ರಲ್ಲಿ ಜೈಲಿಗೂ ಹೋದರು. ಯಹೂದಿ ಅಲ್ಲದಿದ್ದರೂ ಅಲ್ಫೋನ್ಸ್ ಲೂಯಿ ಅನ್ನೋ ಹೆಸರನ್ನು ಹೀಬ್ರೂಗೆ ಬದಲಾಯಿಸಿಕೊಂಡರು.

ಹೀಬ್ರೂ ಅಕ್ಷರ 22, ಟ್ಯಾರೋದ ಮುಖ್ಯ ಕಾರ್ಡುಗಳೂ 22! 1850ರ ದಶಕದಲ್ಲಿ ಲೆವಿ ಒಂದೊಂದು ಕಾರ್ಡಿಗೆ ಒಂದೊಂದು ಅಕ್ಷರ ಜೋಡಿಸಿ ಪುಸ್ತಕ ಬರೆದರು. ಆದರೆ ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಬರೀ ಇಸ್ಪೀಟಿನ ಥರ ಆಡೋಕೆ.

1875ರಲ್ಲಿ ಲೆವಿ ತೀರಿಕೊಂಡರು. ಅವರ ಜೋಡಣೆ ಇವತ್ತಿಗೂ ಓಡ್ತಿದೆ. ಲ್ಯಾಬಲ್ಲಿ ಎರಡು ರೀಡಿಂಗ್ ಒಂದೇ ಬಂದ ತಕ್ಷಣ ಸಂಬಂಧ ಇದೆ ಅಂತ ಬರೆಯೋ ಮುಂಚೆ ನಾವು ಈ 22ನ್ನು ನೆನಪಿಸಿಕೊಳ್ಳೋಣ.