ದೇವಳಾಲಿಯ ಗಣಿತ ಮಾಸ್ತರ್ ಕಾಪ್ರೇಕರ್

ಜೋಗೇಶ್ವರಿಯಿಂದ ಪಶ್ಚಿಮ ರೈಲ್ವೆಯ ಹಳಿ ಹಿಡಿದು ಉತ್ತರಕ್ಕೆ ಹೋದರೆ ವಿರಾರ್, ಪಾಲ್ಘರ್ ದಾಟಿ ಡಹಾಣು ಸಿಗುತ್ತದೆ. ಚಿಕ್ಕೂ ತೋಟಗಳಿಗೆ ಹೆಸರಾದ ಈ ಊರು ಗಣಿತ ಲೋಕಕ್ಕೆ ಒಬ್ಬ ಶಾಲಾ ಮಾಸ್ತರರನ್ನು ಕೊಟ್ಟಿದೆ ಎಂಬುದು ಇದೇ ಲೈನಿನಲ್ಲಿ ದಿನವೂ ಓಡಾಡುವ ತುಳು-ಕನ್ನಡಿಗರಲ್ಲಿ ಅನೇಕರಿಗೆ ತಿಳಿದಿರಲಾರದು. ಅವರೇ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

1905ರ ಜನವರಿ 17ರಂದು ಜನಿಸಿದ ಕಾಪ್ರೇಕರರು ಎಂಟನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು, ಜ್ಯೋತಿಷ್ಯದ ಹುಚ್ಚಿದ್ದವರು. ಜ್ಯೋತಿಷ್ಯ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಅದಕ್ಕೆ ಬೇಕಾದ ಕೂಡಿಸು, ಕಳೆ, ಗುಣಿಸು, ಭಾಗಿಸುವ ರೂಢಿ ಮಗನಿಗೆ ತಂದೆಯಿಂದಲೇ ಅಂಟಿತು. ಠಾಣೆಯಲ್ಲಿ ಹೈಸ್ಕೂಲು ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದ ಅವರಿಗೆ 1927ರಲ್ಲಿ ರ್‍ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ದೊರೆಯಿತು. 1929ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರರಾದರು.

ಈ ಫರ್ಗ್ಯುಸನ್ ಕಾಲೇಜಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಸರಕಾರಿ ಅಧಿಕಾರಿಯೊಬ್ಬರು ಊರೂರಿನ ಗಣಿತಾಸಕ್ತರಿಗೆ ಕಾಗದ ಬರೆದು ಒಂದು ಸಂಘ ಕಟ್ಟಿದರು. ಒಬ್ಬೊಬ್ಬರೇ ಕೊಳ್ಳಲಾಗದ ಪುಸ್ತಕ, ಪತ್ರಿಕೆಗಳನ್ನು ವಂತಿಗೆ ಹಾಕಿ ತರಿಸಿ, ಅಂಚೆಯ ಮೂಲಕ ಸದಸ್ಯರಿಂದ ಸದಸ್ಯರಿಗೆ ಕಳಿಸಿ ಓದುವುದು ಅದರ ಉದ್ದೇಶ. ಅದರ ಗ್ರಂಥಾಲಯ ನೆಲೆಸಿದ್ದು ಫರ್ಗ್ಯುಸನ್ ಕಾಲೇಜಿನಲ್ಲೇ. ಮುಂದೆ ಭಾರತೀಯ ಗಣಿತ ಸಂಘವಾಗಿ ಬೆಳೆದದ್ದು ಈ ಕೂಟವೇ. ನಮ್ಮವರು ಊರಿನ ಹೆಸರಿನಲ್ಲಿ ಕಟ್ಟಿಕೊಂಡ ಸಂಘಗಳೂ ಹೀಗೆಯೇ ವಂತಿಗೆಯಿಂದ ಹುಟ್ಟಿದವಲ್ಲವೇ!

1930ರಲ್ಲಿ ಕಾಪ್ರೇಕರರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾದರು. ಅಲ್ಲಿಯೇ 32 ವರ್ಷ ದುಡಿದರು. ಉನ್ನತ ಪದವಿ ಇಲ್ಲ, ಮಾರ್ಗದರ್ಶಕರಿಲ್ಲ. ಕ್ಲಾಸು ಮುಗಿದ ಮೇಲೆ ತನಗೆ ಹೊಳೆದ ಲೆಕ್ಕವನ್ನು ತೋರಿಸಿ ಸರಿಯೋ ತಪ್ಪೋ ಕೇಳೋಣವೆಂದರೆ ವಿಶ್ವವಿದ್ಯಾಲಯದ ವಿದ್ವಾಂಸರು ದೂರ. ಶಾಲೆಯ ಗಣಿತ ಶಿಕ್ಷಕನ ದೊಡ್ಡ ಕಷ್ಟವೇ ಇದು. ಪಠ್ಯಪುಸ್ತಕ ಇರುತ್ತದೆ, ಇನ್‌ಸ್ಪೆಕ್ಟರು ಬರುತ್ತಾರೆ, ಆದರೆ ಕೂತು ಮಾತಾಡುವ ಜೊತೆಗಾರ ಇರುವುದಿಲ್ಲ.

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ರೈಲು ಪ್ರಯಾಣದಲ್ಲೂ ಅಂಕಿಗಳದ್ದೇ ಧ್ಯಾನ. 1, 121, 12321 ಮುಂತಾದ ಸಂಖ್ಯೆಗಳ ಕಲ್ಪನೆ ಹೊಳೆದದ್ದು ಮುಂಬಯಿಯಿಂದ 30 ಮೈಲಿ ದೂರದ ಡೊಂಬಿವಲಿಯಲ್ಲಿ. ಆ ಸ್ಟೇಷನ್ನಿನ ಆಗಿನ ಹೆಸರನ್ನೇ ಇಟ್ಟು ಅವಕ್ಕೆ ಡೆಮ್ಲೊ ಸಂಖ್ಯೆಗಳು ಎಂದರು. ಇನ್ನೊಂದು ಬಗೆಗೆ ತಮ್ಮ ಊರಿನ ಹೆಸರಿಟ್ಟು ದೇವಳಾಲಿ ಸಂಖ್ಯೆಗಳು ಎಂದರು. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ 18, 21ರಂಥ ಸಂಖ್ಯೆಗಳು ಹರ್ಷದ ಸಂಖ್ಯೆಗಳು, ಅಂದರೆ ಸಂತೋಷ ಕೊಡುವಂಥವು. 45ರ ವರ್ಗ 2025. ಅದನ್ನು ಒಡೆದು 20ಕ್ಕೆ 25 ಕೂಡಿಸಿದರೆ ಮತ್ತೆ 45. ಇಂಥವುಗಳಿಗೆ ಇಂದು ಕಾಪ್ರೇಕರ್ ಸಂಖ್ಯೆಗಳೆಂದೇ ಹೆಸರು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು 6174. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, 3524 ಎಂದಿರಲಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದರೆ 5432, ಏರಿಕೆಯಲ್ಲಿ 2345, ಕಳೆದರೆ 3087. ಮತ್ತೆ ಹಾಗೆಯೇ 8730ರಿಂದ 0378 ಕಳೆದರೆ 8352. ಇನ್ನೊಮ್ಮೆ 8532ರಿಂದ 2358 ಕಳೆದರೆ 6174. ಅಲ್ಲಿಗೆ ಮುಗಿಯಿತು, ಮುಂದೆ ಎಷ್ಟು ಸಲ ಮಾಡಿದರೂ 6174. ಹೆಚ್ಚೆಂದರೆ ಏಳು ಸಲಕ್ಕೆ ಎಲ್ಲ ಸಂಖ್ಯೆಗಳೂ ಇಲ್ಲಿಗೇ ಬಂದು ನಿಲ್ಲುತ್ತವೆ. ದಶಕ ತೆಗೆದು ಕಳೆಯುವ ಲೆಕ್ಕವೆಂದರೆ ಮುಖ ತಿರುಗಿಸುವ ಮಕ್ಕಳಿಂದ ಇಪ್ಪತ್ತು ಲೆಕ್ಕ ಮಾಡಿಸಲು ಇದಕ್ಕಿಂತ ಸುಲಭ ಉಪಾಯ ಇನ್ನೊಂದಿಲ್ಲ. ಜೋಗೇಶ್ವರಿ, ಅಂಧೇರಿ ಕಡೆ ಮನೆಯಲ್ಲೇ ಟ್ಯೂಷನ್ ಕೊಡುವ ಟೀಚರುಗಳು ಇದನ್ನೊಮ್ಮೆ ಮಾಡಿಸಿ ನೋಡಬಹುದು.

1949ರ ಮದ್ರಾಸ್ ಗಣಿತ ಸಮ್ಮೇಳನದಲ್ಲಿ ಕಾಪ್ರೇಕರರು ಇದನ್ನು ಮಂಡಿಸಿದರು. ಸಿಕ್ಕಿದ್ದು ಹೊಗಳಿಕೆಗಿಂತ ನಗೆ ಹೆಚ್ಚು. ದೇಶದ ಅನೇಕ ಗಣಿತಜ್ಞರಿಗೆ ಇದು ಮಕ್ಕಳಾಟಿಕೆಯಾಗಿ ಕಂಡಿತು. ಕೆಲವು ಲೇಖನಗಳು ಪತ್ರಿಕೆಗಳಲ್ಲಿ ಅಚ್ಚಾದವು. ಉಳಿದವನ್ನು ಅವರು ಸ್ವಂತ ಖರ್ಚಿನಲ್ಲಿ ಪುಟ್ಟ ಪುಸ್ತಿಕೆಗಳಾಗಿ ಮುದ್ರಿಸಿ, ಪ್ರಕಾಶಕರ ಜಾಗದಲ್ಲಿ ತಮ್ಮ ದೇವಳಾಲಿಯ ವಿಳಾಸವನ್ನೇ ಹಾಕಿದರು. ಮಾಸ್ತರರ ಸಂಬಳದಲ್ಲಿ ಪ್ರೆಸ್ಸಿನ ಬಿಲ್ಲು ಕಟ್ಟುವುದೆಂದರೇನೆಂದು ಸಂಬಳದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾದರೂ ಕಾಲೇಜುಗಳು ಕರೆದಾಗ ಹೋಗಿ ವಿದ್ಯಾರ್ಥಿಗಳಿಗೆ ತಮ್ಮ ವಿಧಾನಗಳನ್ನು ಹೇಳಿಕೊಡುತ್ತಿದ್ದರು.

1962ರಲ್ಲಿ ನಿವೃತ್ತಿ. ಅದೇ ವರ್ಷ ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ವಿಜ್ಞಾನ ಕೇಳುವ ಪದ್ಧತಿ ಹಾಕಿದರು. 1965ರಲ್ಲಿ ಮದ್ರಾಸಿನಲ್ಲಿ ಗಣಿತ ಶಿಕ್ಷಕರದ್ದೇ ಸಂಘ ಹುಟ್ಟಿತು. 1974ರಲ್ಲಿ ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವನ್ನು ತೆರೆಯಿತು. ಮಾನ್‌ಖುರ್ದ್‌ನಲ್ಲಿರುವ ಈ ಕೇಂದ್ರ ಶಾಲಾ ಶಿಕ್ಷಕರ ತರಬೇತಿಯ ಕೆಲಸವನ್ನೂ ಮಾಡುತ್ತಿದೆ. ಕಾಪ್ರೇಕರರ ಮಟ್ಟಿಗೆ ಇವೆಲ್ಲ ತಡವಾಗಿ ಬಂದವು. 1966ರಲ್ಲಿ ಪತ್ನಿ ತೀರಿಕೊಂಡರು. ಪಿಂಚಣಿ ಸಾಲದೆ ಗಣಿತ, ವಿಜ್ಞಾನದ ಟ್ಯೂಷನ್ ಹೇಳಿ ಜೀವನ ನಡೆಸಿದರು.

1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರರ ಬಗ್ಗೆ ಬರೆದರು. ಆಗ ಮಾಸ್ತರರಿಗೆ 70 ವರ್ಷ. ನಕ್ಕವರೂ ಆಮೇಲೆ ಆ ಸಂಖ್ಯೆಗಳತ್ತ ತಿರುಗಿ ನೋಡಿದರು. 6174ರ ಮೇಲೆ ದೇಶವಿದೇಶಗಳಲ್ಲಿ ಲೇಖನಗಳು ಬರತೊಡಗಿದವು. 1986ರಲ್ಲಿ ಕಾಪ್ರೇಕರರು ನಿಧನರಾದರು.