ಮಾನ್ವಿಯ ಜಗನ್ನಾಥದಾಸರು

ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಫಲವತ್ತಾದ ನೆಲ. ಆದುದರಿಂದಲೇ ಅರಸರ ಕಣ್ಣು ಅದರ ಮೇಲೆ. ರಾಯಚೂರಿನ ಕೋಟೆಗಾಗಿ ವಿಜಯನಗರದವರೂ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಅದನ್ನು ಗೆದ್ದನು. 1565ರ ತರುವಾಯ ಅದು ಬಿಜಾಪುರದ ಕೈಸೇರಿತು. 1686ರಲ್ಲಿ ಬಿಜಾಪುರವೇ ಮೊಗಲರ ವಶವಾಯಿತು. ಆಮೇಲೆ ಬಂದುದು ನಿಜಾಮರ ಆಳ್ವಿಕೆ. ದಂಡುಗಳು ತುಳಿದ ಈ ದಾರಿಗಳಲ್ಲಿಯೇ ಹದಿನೆಂಟನೆಯ ಶತಮಾನದಲ್ಲಿ ತಂಬೂರಿ ಹಿಡಿದ ಹರಿದಾಸರು ಊರೂರು ತಿರುಗಿದರು. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯವರೇ ಆದ ಬ್ಯಾಗವಾಟದ ಜಗನ್ನಾಥದಾಸರು ಅವರಲ್ಲಿ ಮುಖ್ಯರು. ಈ ಮೂವರ ಬಾಳು ಒಂದುಗೂಡಿದುದು ಒಂದು ವೈಮನಸ್ಯದ ಮೂಲಕ ಎಂಬುದೇ ಸ್ವಾರಸ್ಯ.

ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಹುಟ್ಟಿದುದು 1728ರಲ್ಲಿ. ಮಂತ್ರಾಲಯ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಚಿಕ್ಕ ವಯಸ್ಸಿನಲ್ಲಿಯೇ ಅವರು ಸಂಸ್ಕೃತದಲ್ಲಿ ದೊಡ್ಡ ಪಂಡಿತರೆನಿಸಿದರು. ವಿದ್ಯೆಯ ಜೊತೆಗೆ ಅಭಿಮಾನವೂ ಬೆಳೆಯಿತು. ಶಾಸ್ತ್ರಾರ್ಥವನ್ನು ಕನ್ನಡದಲ್ಲಿ ಹಾಡಿಕೊಂಡು ಬೀದಿಯಲ್ಲಿ ನಡೆಯುವ ದಾಸರೆಂದರೆ ಅವರಿಗೆ ತಾತ್ಸಾರ. ಇದು ಅವರೊಬ್ಬರ ದೋಷವಲ್ಲ. ವ್ಯಾಸಕೂಟವೆಂದೂ ದಾಸಕೂಟವೆಂದೂ ಕರೆಯುವ ಎರಡು ಬಳಗಗಳ ನಡುವೆ, ಮತ ಒಂದೇ ಆಗಿದ್ದರೂ, ಇಂತಹ ಬಿರುಕು ಆಗಾಗ ತಲೆದೋರುತ್ತಿತ್ತು.

ಮುಂದಿನದು ಪರಂಪರೆಯು ಉಳಿಸಿಕೊಂಡು ಬಂದ ಕಥೆ. ವಿಜಯದಾಸರು ಮಾನ್ವಿಗೆ ಬಂದಾಗ ಶ್ರೀನಿವಾಸಾಚಾರ್ಯರನ್ನು ಊಟಕ್ಕೆ ಆಹ್ವಾನಿಸಿದರು. ಆಗಲೇ ವೃದ್ಧರಾಗಿದ್ದ ಅವರ ಮಾತನ್ನು ಆಚಾರ್ಯರು ತಳ್ಳಿಹಾಕಿದರು. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂಬ ನೆಪವೊಡ್ಡಿದರು. ದಾಸರು ವಾದಕ್ಕೆ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ನೆಪವೇ ನಿಜವಾಗಿ, ಆಚಾರ್ಯರು ಅನ್ನ ಸೇರದೆ ಕೃಶರಾದರು. ಔಷಧಿಗಳು ಫಲಿಸಲಿಲ್ಲ. ಮಂತ್ರಾಲಯದಲ್ಲಿ ಸೇವೆಗೆ ನಿಂತಾಗ, ವಿಜಯದಾಸರಲ್ಲಿಗೆ ಹೋಗೆಂದು ಅವರಿಗೆ ಸ್ವಪ್ನಸೂಚನೆಯಾಯಿತು.

ತಾನು ಹಳಿದವನ ಬಾಗಿಲಿಗೆ ತಾನೇ ಹೋಗಿ ನಿಲ್ಲುವುದು ಪಂಡಿತನಿಗೆ ರೋಗಕ್ಕಿಂತಲೂ ಕಷ್ಟ. ಶ್ರೀನಿವಾಸಾಚಾರ್ಯರು ಹೋದರು. ವಿಜಯದಾಸರು ಹಳೆಯದನ್ನು ಎತ್ತಿ ಆಡಲಿಲ್ಲ, ಸಭೆಯಲ್ಲಿ ತಪ್ಪೊಪ್ಪಿಗೆಯನ್ನೂ ಕೇಳಲಿಲ್ಲ. ತಮ್ಮ ಶಿಷ್ಯರಾದ ಗೋಪಾಲದಾಸರನ್ನು ಕಾಣುವಂತೆ ಹೇಳಿ ಉತ್ತನೂರಿಗೆ ಕಳುಹಿದರು. ಆ ಊರು ಇಂದು ತೆಲಂಗಾಣದಲ್ಲಿದೆ. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಹಾಡು ಕಟ್ಟಿದರು. ಜೋಳದ ರೊಟ್ಟಿಯನ್ನು ಮಂತ್ರಿಸಿ ರೋಗಿಗೆ ಉಣಿಸಿದರು. ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನೇ ಧಾರೆಯೆರೆದರೆಂದು ಭಕ್ತರು ನಂಬುತ್ತಾರೆ. ನಂಬದವರೂ ಒಂದನ್ನು ಗಮನಿಸಬಹುದು: ಪಾಂಡಿತ್ಯದ ಬಿಂಕದಿಂದ ಔತಣವನ್ನು ನಿರಾಕರಿಸಿದವರು ಇಲ್ಲಿ ಬಡವರ ರೊಟ್ಟಿಯನ್ನು ಕೈಯೊಡ್ಡಿ ಪಡೆದರು.

ಆರೋಗ್ಯವನ್ನು ಮರಳಿ ಪಡೆದ ಆಚಾರ್ಯರು ಪಂಢರಪುರಕ್ಕೆ ಹೋಗಿ, ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ದಾಸರಾದರು. ಗೆಜ್ಜೆ ಕಟ್ಟಿದರೆಂದು ಅವರು ಶಾಸ್ತ್ರವನ್ನು ತೊರೆಯಲಿಲ್ಲ. ತಾವು ಕಲಿತುದನ್ನೆಲ್ಲ ಕನ್ನಡಕ್ಕೆ ಇಳಿಸಿದರು. ಅವರ ಹರಿಕಥಾಮೃತಸಾರವು ಭಾಮಿನೀ ಷಟ್ಪದಿಯಲ್ಲಿದೆ. ಕುಮಾರವ್ಯಾಸನು ಮಹಾಭಾರತವನ್ನು ಹೇಳಿದ ಛಂದಸ್ಸು ಅದು. ಮಾಧ್ವಸಿದ್ಧಾಂತದ ಬಹು ಸೂಕ್ಷ್ಮವಾದ ವಿಚಾರಗಳು ಅಲ್ಲಿವೆ. ಗ್ರಂಥವು ಸುಲಭವೆಂದು ಹೇಳಲಾರೆ. ಆದರೆ ತತ್ತ್ವಸುವ್ವಾಲಿಯ ರೀತಿಯೇ ಬೇರೆ. ಅದರ ತ್ರಿಪದಿಗಳು ಬೀಸುವ, ಕುಟ್ಟುವ ಹೆಂಗಸರ ಹಾಡಿನ ಧಾಟಿಯವು. ಪಾಠಶಾಲೆಯ ಬಾಗಿಲು ತೆರೆಯದವರಿಗೆ ಅದೇ ಪಾಠಶಾಲೆಯಾಯಿತು. ಯಾರ ಭಾಷೆ ಕೀಳೆಂದು ಒಮ್ಮೆ ತೋರಿತ್ತೋ ಅವರ ರಾಗಕ್ಕೆ ತಮ್ಮ ವಿದ್ಯೆಯನ್ನು ಒಗ್ಗಿಸಿದುದು, ನನ್ನ ದೃಷ್ಟಿಯಲ್ಲಿ, ಅವರು ಮಾಡಿದ ನಿಜವಾದ ಕ್ಷಮಾಯಾಚನೆ.

ಲಿಂಗಸುಗೂರಿನ ಪ್ರಾಣೇಶದಾಸರೇ ಮೊದಲಾದವರು ಅವರ ಶಿಷ್ಯರಾದರು. ಹರಿಕಥಾಮೃತಸಾರದ ಕೊನೆಯಲ್ಲಿ ಸೇರಿರುವ ಫಲಸ್ತುತಿಯ ಸಂಧಿಯು ಶ್ರೀದವಿಠಲಾಂಕಿತದ ಕರ್ಜಗಿ ದಾಸಪ್ಪನವರದು. ಕನ್ನಡದ ಈ ಕೃತಿಗೆ ಮುಂದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು! ಎರಡು ಬಳಗಗಳ ಪಂಡಿತರೂ ಒಂದೇ ಗ್ರಂಥದ ಮುಂದೆ ಕುಳಿತರು.

1809ರಲ್ಲಿ, ಭಾದ್ರಪದ ಶುದ್ಧ ನವಮಿಯಂದು, ಜಗನ್ನಾಥದಾಸರು ಮಾನ್ವಿಯಲ್ಲಿ ದೇಹವನ್ನು ಬಿಟ್ಟರು. ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂಬ ನಂಬಿಕೆಯಿಂದ ಜನರು ಇಂದಿಗೂ ಅಲ್ಲಿಗೆ ಬಂದು ಕೈಮುಗಿಯುತ್ತಾರೆ.